ಮಂಗಳೂರಿನ ಸೆಕೆಗೆ ಫಲೆನಾಪ್ಸಿಸ್ ಆರ್ಕಿಡ್ ಹೂ ಬಿಡುತ್ತಿಲ್ಲ, ಬಿಎಪಿ ಹಾರ್ಮೋನ್ ಹೊಡೆದರೆ ಆದೀತೇ?

ಕರಾವಳಿ ಕೈತೋಟ:
ಮಂಗಳೂರು, ಪೂರ್ವದ ಬಾಲ್ಕನಿ. ಫಲೆನಾಪ್ಸಿಸ್‌ಗೆ ಆರು ದಪ್ಪ ಎಲೆಗಳಿವೆ, ಬೇರೂ ಗಟ್ಟಿ. ಎರಡು ವರ್ಷದಿಂದ ಬರೀ ಎಲೆ. ಹಗಲು 31–32 ಡಿಗ್ರಿ, ರಾತ್ರಿ 24. ರಾತ್ರಿ ಮಾತ್ರ ಎಸಿ ಕೋಣೆಯಲ್ಲಿಟ್ಟರೆ ಸಾಕೇ? ಇಲ್ಲ, ಬಿಎಪಿ ಸಿಂಪಡಿಸಲೇ? ಪ್ರಮಾಣ ಎಷ್ಟು?

ಎಲೆ ಬೇರು:
ರಾತ್ರಿ ಎಸಿ ಸಾಲದು. "ಹಗಲು–ರಾತ್ರಿ ಉಷ್ಣಾಂಶದಲ್ಲಿ ವ್ಯತ್ಯಾಸ ಇದ್ದರೆ ಆಯಿತು" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಈ ಗಿಡಕ್ಕೆ ಮುಖ್ಯ ಹಗಲಿನ ಬಿಸಿ. ಹಗಲು 29 ಡಿಗ್ರಿ ಇದ್ದರೆ ರಾತ್ರಿ 17ಕ್ಕೆ ಇಳಿಸಿದರೂ ಸ್ಪೈಕ್ (ಹೂದಂಡು) ಬರುವುದು ಅಪರೂಪ. ಹಗಲೂ ರಾತ್ರಿಯೂ 26ರ ಕೆಳಗೆ, 18–25ರ ನಡುವೆ, ನಾಲ್ಕರಿಂದ ಆರು ವಾರ ಸಿಗಬೇಕು. ಎಸಿ ಕೋಣೆಯಲ್ಲೇ ಇಡುವುದಾದರೆ ದಿನಕ್ಕೆ 12 ಗಂಟೆ ಎಲ್‌ಇಡಿ ಬೆಳಕು ಕೊಡಿ. ಕತ್ತಲಲ್ಲಿ ಎಷ್ಟು ತಂಪಿದ್ದರೂ ಸ್ಪೈಕ್ ಹೊರಡುವುದಿಲ್ಲ. ಎಸಿ ಗಾಳಿ ನೇರವಾಗಿ ಬಡಿಯದಿರಲಿ. ಕರೆಂಟ್ ಬಿಲ್ ಹೆಚ್ಚಾಗುತ್ತದೆ ಎನಿಸಿದರೆ ಡಿಸೆಂಬರ್–ಜನವರಿಯಲ್ಲಿ ಮಡಿಕೇರಿ ಕಡೆ ನೆಂಟರಿದ್ದರೆ ಆರು ವಾರ ಅಲ್ಲಿಟ್ಟು ತನ್ನಿ.

ಅಂಗಾಂಶ ಕೃಷಿ:
ಬಿಎಪಿ ತಂಪಿಗೆ ಬದಲಿಯಲ್ಲ. ಅದು ಸೈಟೊಕೈನಿನ್ ಎಂಬ ಗುಂಪಿನ ಸಸ್ಯ ಹಾರ್ಮೋನ್, ಎಲೆಕಂಕುಳಲ್ಲಿ ಮಲಗಿರುವ ಮೊಗ್ಗನ್ನು ಎಬ್ಬಿಸುತ್ತದೆ. 23 ಡಿಗ್ರಿಯಲ್ಲಿ ಹೊಡೆದರೆ ಸ್ಪೈಕ್ ಕೆಲವು ದಿನ ಬೇಗ, ಸಂಖ್ಯೆಯಲ್ಲೂ ಹೆಚ್ಚು. 29ರಲ್ಲಿ ಹೊಡೆದರೆ ದುಡ್ಡು ದಂಡ. ಪ್ರಮಾಣ 200 ಪಿಪಿಎಂ, ಅಂದರೆ ಲೀಟರಿಗೆ 200 ಮಿಲಿಗ್ರಾಂ. ಪುಡಿ ನೇರವಾಗಿ ನೀರಿನಲ್ಲಿ ಕರಗದು, ತಳದಲ್ಲಿ ಕೂತುಬಿಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಮೊದಲು ಕೆಲವೇ ಹನಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ, ಆಮೇಲೆ ನೀರು ಸೇರಿಸಿ. ತಂಪು ಶುರುವಾದ ಮೇಲೆ ಬೆಳಿಗ್ಗೆ ಒಮ್ಮೆ ಎಲೆ ಒದ್ದೆಯಾಗುವಷ್ಟು ಸಿಂಪಡಿಸಿ. ನಡುಸುಳಿಯಲ್ಲಿ ನಿಂತ ನೀರನ್ನು ಟಿಶ್ಯೂ ಕಾಗದದಿಂದ ಹೀರಿಸಿ, ಇಲ್ಲದಿದ್ದರೆ ಸುಳಿ ಕೊಳೆಯುತ್ತದೆ. ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನಿನ ಗೊಡವೆಗೆ ಹೋಗಬೇಡಿ, ಸ್ವಲ್ಪ ಹೆಚ್ಚಾದರೂ ಹೂ ವಿಕಾರವಾಗುತ್ತದೆ.

ಕರಾವಳಿ ಕೈತೋಟ:
ಬಂದದ್ದು ಬೇರೋ ಸ್ಪೈಕೋ ಹೇಗೆ ತಿಳಿಯುವುದು? ಬಂದ ಮೇಲೆ ಬಾಲ್ಕನಿಗೆ ತರಬಹುದೇ?

ಎಲೆ ಬೇರು:
ಬೇರಿನ ತುದಿ ಗುಂಡಗೆ, ನುಣುಪು. ಸ್ಪೈಕ್ ತುದಿ ಚಪ್ಪಟೆ, ಹೆಬ್ಬೆರಳು ಮಾತ್ರ ಬೇರೆಯಿರುವ ಉಣ್ಣೆಯ ಕೈಗವಸಿನ ಹಾಗೆ. ಸಾಮಾನ್ಯವಾಗಿ ಮೇಲಿಂದ ಮೂರನೆಯ ಅಥವಾ ನಾಲ್ಕನೆಯ ಎಲೆಯ ಬುಡವನ್ನು ಸೀಳಿಕೊಂಡು ಬರುತ್ತದೆ.

ಬಂದ ತಕ್ಷಣ ಬಿಸಿಗೆ ತರಬೇಡಿ. ಸ್ಪೈಕ್ ಇನ್ನೂ ಎಳೆಯದಾಗಿರುವಾಗ 28 ದಾಟಿದರೆ ಹೂವಿನ ಜಾಗದಲ್ಲಿ ಮರಿಗಿಡ ಹುಟ್ಟಬಹುದು. ಮೊಗ್ಗು ಕಣ್ಣಿಗೆ ಕಾಣುವವರೆಗೆ ತಂಪಿನಲ್ಲೇ ಇರಲಿ. ಹೂ ಅರಳಲು ಒಟ್ಟು ಮೂರು ತಿಂಗಳಾದರೂ ಬೇಕು.

ಅಂಗಾಂಶ ಕೃಷಿ:
ಮೊಗ್ಗಿರುವಾಗ ಹತ್ತಿರ ಬಾಳೆಗೊನೆ, ಮಾವಿನಹಣ್ಣು ಇಡಬೇಡಿ. ಹಣ್ಣು ಬಿಡುವ ಅನಿಲವಾದ ಎಥಿಲೀನ್‌ಗೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಇಷ್ಟೆಲ್ಲ ತಂಪು ಕೊಡಲಾಗದಿದ್ದರೆ ಡೆಂಡ್ರೋಬಿಯಂ ಸೋನಿಯಾ ಅಥವಾ ವಾಂಡಾ ಆರ್ಕಿಡ್ ಬೆಳೆಸಿ. ಅವಕ್ಕೆ ನಿಮ್ಮ ಬಾಲ್ಕನಿಯ ಬಿಸಿಯೇ ಹಿತ, ಬೆಳಕು ಮಾತ್ರ ಫಲೆನಾಪ್ಸಿಸ್‌ಗಿಂತ ಹೆಚ್ಚು ಬೇಕು.