ಇಶಾಪುರದ ಹಳೆಯ ಬೋಲ್ಟ್ ರೈಫಲ್: ಬ್ಯಾರೆಲ್ ಬದಲಿಸಬೇಕಾ, ಬೇಡವಾ?

ಮಡಿಕೇರಿ ಹುಡುಗ:

ಎಲ್ಲರಿಗೂ ನಮಸ್ಕಾರ. ಊರು ಮಡಿಕೇರಿ, ಈಗ ಇರೋದು ಟೆಕ್ಸಾಸ್‌ನಲ್ಲಿ. ಇಲ್ಲಿ ಒಬ್ಬ ಅಜ್ಜನ ಮನೆ ಸಾಮಾನು ಮಾರಾಟಕ್ಕಿಟ್ಟಿದ್ದರು. ಅದರಲ್ಲಿ ಒಂದು ಹಳೆಯ ಮಿಲಿಟರಿ ರೈಫಲ್ ಸಿಕ್ಕಿತು. "ಬ್ರಿಟಿಷ್ ಎನ್‌ಫೀಲ್ಡ್, ತ್ರೀ ನಾಟ್ ತ್ರೀ" ಅಂತ ಹೇಳಿ ಮಾರಿದರು. ನೋಡೋಕೆ ನಮ್ಮ ಪೊಲೀಸರ ಹೆಗಲ ಮೇಲೆ ಇರುತ್ತಿದ್ದ ರೈಫಲ್ಲೇ. ಆದರೆ ಬೋಲ್ಟ್ (ತೋಟಾ ಒಳಗೆ ತಳ್ಳಿ ಬೀಗ ಹಾಕುವ ಉಕ್ಕಿನ ಕೋಲು) ಹಿಡಿಯ ಕೆಳಗೆ, ಮರದ ಹಿಂಭಾಗ ಕೂರುವ ಕಬ್ಬಿಣದ ಮೇಲೆ ಸಿಂಹದ ಮುದ್ರೆ ಇದೆ. ಜೊತೆಗೆ ಆರ್‌ಎಫ್‌ಐ, 2ಎ1, 1967 ಅಂತ ಕೊರೆದಿದ್ದಾರೆ. ಮ್ಯಾಗಜಿನ್ ಚೌಕಾಕಾರ. ಹಿಂದಿನ ಸೈಟ್ 800ಕ್ಕೆ ನಿಲ್ಲುತ್ತದೆ.

ಬ್ಯಾರೆಲ್ ಒಳಗೆ ಕತ್ತಲೆ. ಇನ್ನೂ ಹಾರಿಸಿಲ್ಲ. ಆನ್‌ಲೈನ್‌ನಲ್ಲಿ ಒಂದು .303 ಬ್ಯಾರೆಲ್ ಕಡಿಮೆ ಬೆಲೆಗೆ ಇದೆ. ತಗೊಳ್ಳಲಾ? ಗ್ಯಾರೇಜಿನಲ್ಲಿ ದೊಡ್ಡ ವೈಸ್ ಇದೆ, ನಾನೇ ಕೂರಿಸಬಹುದಾ?

ಲೇತ್ ಮೇಷ್ಟ್ರು:

ತಮ್ಮಾ, ಆ ಬ್ಯಾರೆಲ್ ತಗೋಬೇಡ. ನಿನ್ನದು ತ್ರೀ ನಾಟ್ ತ್ರೀನೂ ಅಲ್ಲ, ಬ್ರಿಟಿಷರದ್ದೂ ಅಲ್ಲ. ಆರ್‌ಎಫ್‌ಐ ಅಂದ್ರೆ ರೈಫಲ್ ಫ್ಯಾಕ್ಟರಿ ಇಶಾಪುರ, ಕೋಲ್ಕತ್ತ ಹತ್ತಿರ. 1962ರ ಚೀನಾ ಯುದ್ಧ ಆದಮೇಲೆ ಅಲ್ಲಿ ಹಳೆಯ ಎನ್‌ಫೀಲ್ಡ್ ಆಕಾರವನ್ನೇ ಇಟ್ಟುಕೊಂಡು, ಇನ್ನೂ ಗಟ್ಟಿ ಉಕ್ಕಿನಲ್ಲಿ 7.62 ನೇಟೋ ತೋಟಾಗೆ ಹೊಸದಾಗಿ ಮಾಡಿದ ರೈಫಲ್ ಇದು. ".303 ಕೊರೆದು ಬದಲಾಯಿಸಿದ್ದು" ಅಂತ ಇಲ್ಲಿ ಅಂಗಡಿಯವರೂ ಹೇಳ್ತಾರೆ. ಸುಮ್ನೆ ಮಾತು. ಮೊದಲು ಬಂದ 2ಎ ಮಾದರಿಯಲ್ಲಿ ಸೈಟ್ 2000 ಮೀಟರ್ ತನಕ ಇತ್ತು. 2ಎ1ರಲ್ಲಿ ಅದನ್ನು 800ಕ್ಕೆ ಇಳಿಸಿದರು. ಚೌಕ ಮ್ಯಾಗಜಿನ್ನಿಗೆ 12 ತೋಟಾ ಹಿಡಿಯುತ್ತದೆ, ಹಳೆಯದಕ್ಕೆ 10. ಮ್ಯಾಗಜಿನ್ ಮುಂದೆ ಮರದ ಅಡ್ಡಕ್ಕೆ ಒಂದು ಸ್ಕ್ರೂ ಇದೆಯಾ ನೋಡು. ಅದೂ ಇಶಾಪುರದವರ ಕೈಗುರುತು.

.303 ತೋಟಾದ ಬುಡಕ್ಕೆ ಅಂಚು ಇರುತ್ತದೆ, ಅಗಲ .540 ಇಂಚು. 7.62ರ ಬುಡ .473. ಹಾಗಾಗಿ ಬರೀ ಬ್ಯಾರೆಲ್ ತಂದರೆ ಆಗಲ್ಲ. ಬೋಲ್ಟ್ ಹೆಡ್ (ಬೋಲ್ಟ್‌ನ ಮುಂತುದಿ), ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾ ಎಳೆಯುವ ಕೊಕ್ಕೆ), ಮ್ಯಾಗಜಿನ್ ಎಲ್ಲ ಬದಲಾಗಬೇಕು. ಒಳ್ಳೆಯ ರೈಫಲ್ಲನ್ನು ಯಾಕೆ ಹಾಳು ಮಾಡ್ತೀಯಾ?

ಮತ್ತೆ, ಬ್ಯಾರೆಲ್ ಹಾಳಾಗಿದೆ ಅಂತ ಯಾರು ಹೇಳಿದ್ದು? ಕತ್ತಲೆ ಇದ್ದ ಮಾತ್ರಕ್ಕೆ ಸತ್ತಿದೆ ಅಂತಲ್ಲ. ನಾನು ಎಚ್‌ಎಂಟಿಯಲ್ಲಿ ಟೂಲ್‌ರೂಮ್‌ನಲ್ಲಿದ್ದವನು. ಅಳೆಯದೆ ಏನನ್ನೂ ಬಿಸಾಕಬಾರದು ಅನ್ನೋದು ಅಲ್ಲಿಂದ ಬಂದ ಚಾಳಿ. ಮೊದಲು ತಾಮ್ರ ಕರಗಿಸುವ ಸಾಲ್ವೆಂಟ್ ಹಾಕಿ, ಬಟ್ಟೆ ನೀಲಿ ಹಸಿರು ಬರೋದು ನಿಲ್ಲುವ ತನಕ ಉಜ್ಜು. ಆಮೇಲೆ ಮೆತ್ತನೆ ಸೀಸದ ಉಂಡೆಗೆ ಎಣ್ಣೆ ಹಚ್ಚಿ ಬ್ಯಾರೆಲ್‌ನಲ್ಲಿ ನಿಧಾನವಾಗಿ ದೂಡು. ಹೊರಗೆ ಬಂದ ಉಂಡೆಯನ್ನು ಮೈಕ್ರೋಮೀಟರ್‌ನಲ್ಲಿ ಅಳೆ. .308 ಇಂಚಿನ ಹತ್ತಿರ ಇರಬೇಕು.

ಬ್ಯಾರೆಲ್ ಬಾಯಿ, ಅಂದ್ರೆ ಗುಂಡು ಹೊರಗೆ ಬರುವ ತುದಿ, ಅದನ್ನೂ ನೋಡು. ಈ ರೈಫಲ್ಲುಗಳನ್ನು ಹಗ್ಗಕ್ಕೆ ಬಟ್ಟೆ ಕಟ್ಟಿ ಎಳೆದು ಒರೆಸುತ್ತಿದ್ದರು. ಹಗ್ಗ ಓರೆಯಾಗಿ ಎಳೆದು ಎಳೆದು ಬಾಯಿ ಒಂದೇ ಪಕ್ಕಕ್ಕೆ ಸವೆದಿರುತ್ತದೆ, ಬಾವಿಕಟ್ಟೆಯ ಕಲ್ಲಿನ ಥರ. ಅಷ್ಟೇ ಆಗಿದ್ದರೆ ಬಾಯಿಯ ಒಳಭಾಗವನ್ನು ಸ್ವಲ್ಪ ಆಳಕ್ಕೆ ಅಗಲಿಸಿ, ಸವೆಯದ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು) ಇರುವಲ್ಲಿ ಹೊಸ ಅಂಚು ಕೊಡಬಹುದು. ಬ್ಯಾರೆಲ್ ಬದಲಿಸೋ ಖರ್ಚಿನ ಮುಂದೆ ಅದು ಏನೂ ಅಲ್ಲ.

ವೈಸ್ ವಿಷಯ ಮರೆತುಬಿಡು. ಎನ್‌ಫೀಲ್ಡ್ ರಿಸೀವರನ್ನು (ಬ್ಯಾರೆಲ್ ತಿರುಪಿ ಕೂರುವ, ಬೋಲ್ಟ್ ಓಡಾಡುವ ಉಕ್ಕಿನ ಭಾಗ) ಹಿಂದೆ ಹಿಡಿದು ತಿರುಗಿಸಿದರೆ ಅದು ಮೈ ತಿರುಚಿಕೊಳ್ಳುತ್ತದೆ. ಮುಂದಿನ ಉಂಗುರಕ್ಕೆ ಸರಿಯಾಗಿ ಕೂರುವ ರೆಂಚ್ ಬೇಕು. ಸತ್ತ ಬ್ಯಾರೆಲ್ ಆದರೆ ಬಲ್ಲವರು ಮೊದಲು ಲೇತ್‌ನಲ್ಲಿ ರಿಸೀವರ್ ಮುಂದೆ ಒಂದು ಗೆರೆ ಕೊರೆದು ಬಿಗಿ ಸಡಿಲಿಸುತ್ತಾರೆ. ಹೊಸದನ್ನು ಕೂರಿಸುವುದು ಇನ್ನೂ ನಾಜೂಕು. ಬಿಗಿ ಆದಾಗ ಮುಂದಿನ ಸೈಟ್ ನೆಟ್ಟಗೆ ನಿಲ್ಲಬೇಕು. ರಿಸೀವರ್‌ಗೆ ಒತ್ತಿ ಕೂರುವ ಬ್ಯಾರೆಲ್ ಭುಜವನ್ನು ಒಂದು ಕೂದಲೆಳೆ ಜಾಸ್ತಿ ಕೆತ್ತಿದರೂ ಸೈಟ್ ಓರೆ.

ಕಾಫಿತೋಟ:

ಅಣ್ಣಾ, ಇದನ್ನು ಓದಿ ಊರಲ್ಲಿ ಯಾರೂ ಶೆಡ್ಡಿಗೆ ನುಗ್ಗಬೇಡಿ. ಅಮೆರಿಕದಲ್ಲಿ ಬ್ಯಾರೆಲ್ ಬರೀ ಬಿಡಿಭಾಗ, ಇಲ್ಲಿ ಹಾಗಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರೋದು ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ನಿಂದ, ಅದೂ 2029ರ ಅಕ್ಟೋಬರ್ 31ರವರೆಗೆ. ಕೋವಿ ರಿಪೇರಿ, ಮಾರ್ಪಾಡು ಬರೋದು 5ನೇ ಸೆಕ್ಷನ್‌ಗೆ. ಅದಕ್ಕೆ ಪರವಾನಗಿ ಇದ್ದವರ ಹತ್ತಿರವೇ ಹೋಗಬೇಕು.

ನಮ್ಮ ಮನೆಯಲ್ಲೂ ಇಶಾಪುರದ್ದೇ ಇದೆ, ಆದರೆ .315. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಹೊರಗೆ ಬರುತ್ತದೆ. ಜನಸಾಮಾನ್ಯರಿಗೆ ಸೇನೆಯ .303 ಕೊಡಬಾರದು ಅಂತ ಬ್ರಿಟಿಷರ ಕಾಲದಲ್ಲಿ ತಂದ ಅಳತೆ ಅದು. ಹೊರಗಿಂದ ನೋಡಿದರೆ ಅದೂ ಎನ್‌ಫೀಲ್ಡೇ. ಯಾವುದಕ್ಕೆ ಯಾವ ತೋಟಾ ಅಂತ ಗುರುತು ಓದಿಯೇ ತಿಳಿಯಬೇಕು.

ಮಡಿಕೇರಿ ಹುಡುಗ:

ಮೇಷ್ಟ್ರೇ, ಉಜ್ಜಿದೆ. ಮೊದಲ ದಿನ ಬಟ್ಟೆ ನವಿಲಿನ ಬಣ್ಣ! ಈಗ ರೈಫ್ಲಿಂಗ್ ಚೆನ್ನಾಗಿ ಕಾಣ್ತಾ ಇದೆ, ಅಲ್ಲಲ್ಲಿ ತುಕ್ಕು ತಿಂದ ಚುಕ್ಕೆಗಳಿವೆ. ಸೀಸದ ಉಂಡೆ .3085 ಬಂತು. ಬಾಯಿ ಮಾತ್ರ ನೀವು ಹೇಳಿದ ಹಾಗೆ ಒಂದು ಪಕ್ಕ ಸವೆದಿದೆ. ಅಡ್ಡ ಸ್ಕ್ರೂ ಕೂಡ ಇದೆ. ಈಗ ಹಾರಿಸಬಹುದಾ? ಮನೆಯಲ್ಲಿ .308 ವಿಂಚೆಸ್ಟರ್ ತೋಟಾ ಇದೆ.

ಲೇತ್ ಮೇಷ್ಟ್ರು:

ಸವೆದ ಬ್ಯಾರೆಲ್ ಅಲ್ಲವೇ ಅಲ್ಲ ಅದು. ಬದಲಿಸೋ ಮಾತು ಬಿಡು. ಆದರೆ ಹಾರಿಸೋ ಮುಂಚೆ ಹೆಡ್‌ಸ್ಪೇಸ್, ಅಂದ್ರೆ ಬೋಲ್ಟ್ ಮುಚ್ಚಿದಾಗ ತೋಟಾಗೆ ಉಳಿಯುವ ಜಾಗದ ಉದ್ದ, ನೋಡಿಸು. .308 ಗೇಜುಗಳಲ್ಲಿ (ತೋಟಾ ಜಾಗದಲ್ಲಿಟ್ಟು ನೋಡುವ ಅಳತೆ ತುಂಡುಗಳು) ಗೋ 1.630 ಇಂಚು, ನೋ-ಗೋ 1.634, ಫೀಲ್ಡ್ 1.638. ಮಿಲಿಟರಿ ಚೇಂಬರ್ ಸ್ವಲ್ಪ ಉದ್ದ ಇರುತ್ತದೆ, ಹಾಗಾಗಿ ನೋ-ಗೋ ಮೇಲೆ ಬೋಲ್ಟ್ ಮುಚ್ಚಿದರೆ ತಕ್ಷಣ ಗಾಬರಿ ಬೇಡ. ಫೀಲ್ಡ್ ಮೇಲೂ ಮುಚ್ಚಿದರೆ ಎತ್ತಿಟ್ಟು ಗನ್‌ಸ್ಮಿತ್ ಏನು ಹೇಳ್ತಾನೆ ಕೇಳು. ಕೆಲವೊಮ್ಮೆ ಬೇರೆ ಬೋಲ್ಟ್ ಹೆಡ್ ಹಾಕಿದರೇ ಸರಿಯಾಗುತ್ತದೆ. ಎನ್‌ಫೀಲ್ಡ್‌ನ ನಂಬರ್ 4 ಮಾದರಿಗೆ 0ರಿಂದ 3ರವರೆಗೆ ನಂಬರ್ ಹೊಡೆದ ಹೆಡ್‌ಗಳಿದ್ದವು. ನಿನ್ನದಕ್ಕೆ ನಂಬರ್ ಇಲ್ಲ, ಒಂದೊಂದೇ ಹಾಕಿ ನೋಡಬೇಕು.

.308 ವಿಂಚೆಸ್ಟರ್ ಬೇಡ. ಅದೂ 7.62 ನೇಟೋನೂ ಒಂದೇ ಅಂತ ವಾದ ಮಾಡೋರು ಬರ್ತಾರೆ, ಆ ಜಗಳ ಮುಗಿಯೋದಲ್ಲ. ಎನ್‌ಫೀಲ್ಡ್ ಬೋಲ್ಟ್‌ನ ಬೀಗ ಹಿಂದೆ ಇದೆ, ಒತ್ತಡಕ್ಕೆ ಅದು ಸ್ವಲ್ಪ ಎಳೆದುಕೊಳ್ಳುತ್ತದೆ, ಖಾಲಿ ತೋಟಾನೂ ಉದ್ದ ಆಗುತ್ತದೆ. 7.62 ನೇಟೋ ಅಂತ ಬರೆದದ್ದನ್ನೇ ಹಾಕು. ಗನ್‌ಸ್ಮಿತ್ ಹತ್ತಿರ ಬಾಯಿ ಕೆಲಸ, ಗೇಜ್ ಎರಡೂ ಒಟ್ಟಿಗೆ ಮಾಡಿಸು. ಕೊಡುವಾಗ ಆ ಸೀಸದ ಉಂಡೆಯನ್ನೂ ಚೀಟಿ ಅಂಟಿಸಿ ಕೊಡು, ಅವನು ಮತ್ತೆ ಅಳೆಯಲಿ.