ಅಪ್‌ಡೇಟ್: ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜು ಸೇರಿದೆ

ಎಚ್-4 ವೀಸಾದಲ್ಲಿದ್ದೇನೆ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು), ಇಲ್ಲಿನ ಎರಡು ವರ್ಷದ ಕಾಲೇಜಿಗೆ ಸೇರಬಹುದಾ, ಊರಿನ ಪಿಯುಸಿ ಅಂಕಪಟ್ಟಿ ಬೇಕಾ ಅಂತ ಕೇಳಿದ್ದೆನಲ್ಲ? ಸೀಟು ಸಿಕ್ಕಿತು. ಸೀಟು ಅನ್ನೋದೇ ತಪ್ಪು ಮಾತು ಬಿಡಿ. ಸಿಇಟಿ, ಕಟ್‌ಆಫ್ ನೋಡಿ ಬೆಳೆದ ನನಗೆ ನಂಬೋಕೇ ಕಷ್ಟವಾಯಿತು. 18 ತುಂಬಿದ್ದರೆ ಸಾಕು. ಸಿಸಿಸಿ ಅಪ್ಲೈ ಅನ್ನೋ ಈ ಕಾಲೇಜುಗಳ ವೆಬ್‌ಸೈಟಿನಲ್ಲಿ ಅರ್ಜಿ, ಅದಕ್ಕೆ ಶುಲ್ಕವಿಲ್ಲ. ಅಂಕಪಟ್ಟಿ ಈಗ ಯಾರೂ ಕೇಳಲಿಲ್ಲ. ಹಳೆಯ ಡಿಗ್ರಿಯ ಕ್ರೆಡಿಟ್ ಬೇಕೆಂದರೆ ಮಾತ್ರ ಮೌಲ್ಯಮಾಪನ ಮಾಡಿಸಬೇಕಂತೆ.

ಎಡವಿದ್ದು ರೆಸಿಡೆನ್ಸಿಯಲ್ಲಿ, ಅಂದರೆ ಈ ರಾಜ್ಯದ ನಿವಾಸಿ ಅಂತ ತೋರಿಸುವುದರಲ್ಲಿ. ನಿವಾಸಿಗಳ ಕಡಿಮೆ ಶುಲ್ಕ ಬೇಕೆಂದರೆ ಟರ್ಮ್ ಶುರುವಾಗುವ ಮೊದಲು ಒಂದು ವರ್ಷ, ಒಂದು ದಿನ ಈ ರಾಜ್ಯದಲ್ಲೇ ನೆಲೆಸಿರಬೇಕು. ನಾನು ಮನೆ ಬದಲಿಸಿದ ತಾರೀಖನ್ನೇ ರಾಜ್ಯಕ್ಕೆ ಬಂದ ತಾರೀಖು ಅಂತ ತುಂಬಿಬಿಟ್ಟಿದ್ದೆ! ಹೊರಗಿನವಳು ಅಂತ ತೋರಿಸಿತು, ಶುಲ್ಕ ನೋಡಿ ಎದೆ ಧಸಕ್ಕೆಂದಿತು. ಹಳೆಯ ಬಾಡಿಗೆ ಕರಾರು, ತೆರಿಗೆ ರಿಟರ್ನ್, ಡ್ರೈವಿಂಗ್ ಲೈಸೆನ್ಸ್ ಕೊಟ್ಟ ಮೇಲೆ ಯೂನಿಟ್‌ಗೆ (ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ) 46 ಡಾಲರಿಗೆ ಇಳಿಯಿತು.

ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ಈ ದರ ಸಿಗುವುದಿಲ್ಲ, ಎಚ್-4ಗೆ ಸಿಗುತ್ತದೆ. ಇದನ್ನು ಮೊದಲು ಹೇಳಿದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಸದ್ಯಕ್ಕೆ ಅಕೌಂಟಿಂಗ್ ಒಂದೇ ತಗೊಂಡಿದ್ದೇನೆ. ಸಂಜೆ ಕ್ಲಾಸು, ಮಗು ಅಪ್ಪನ ಹತ್ತಿರ.