ಡೋರ್ಸ್‌ನಿಂದ ಡೋರ್ಸ್ ನೆಕ್ಸ್ಟ್‌ಗೆ ಹೋಗೋ ಮುಂಚೆ ಇರೋ ಡೇಟಾ ಎಷ್ಟಿದೆ ಅಂತ ಅಳೀಬೇಕಾ, ಸುಮ್ನೆ ಶುರು ಹಚ್ಕೋಬೇಕಾ?

ಫಿಲ್ಟರ್_ಕಾಫಿ:
ನಮ್ಮಲ್ಲಿ ಹಳೇ ಡೋರ್ಸ್ 9 ಇದೆ (ರಿಕ್ವೈರ್ಮೆಂಟ್ಸ್, ಅಂದ್ರೆ ಪ್ರಾಡಕ್ಟ್ ಏನೇನ್ ಮಾಡ್ಬೇಕು ಅನ್ನೋದನ್ನ ಬರೆದಿಡೋ ಟೂಲ್), ಎಲ್ಲಾ ಅದ್ರಲ್ಲೇ. ಕೆಲವು ಮಾಡ್ಯೂಲ್ (ಅದ್ರೊಳಗಿನ ಒಂದೊಂದು ಡಾಕ್ಯುಮೆಂಟ್) ಅಂತೂ 2008ರಲ್ಲಿ ಐಬಿಎಂ, ಡೋರ್ಸ್ ಮಾಡ್ತಿದ್ದ ಟೆಲಿಲಾಜಿಕ್‌ನ ಕೊಂಡ್ಕೊಳ್ಳೋಕೂ ಮುಂಚಿನವು, ಮಾಡ್ದೋರು ಯಾರೂ ಈಗ ಕಂಪನೀಲಿಲ್ಲ. ಈಗ ಐಬಿಎಂನದೇ ಹೊಸ ಟೂಲ್ ಡೋರ್ಸ್ ನೆಕ್ಸ್ಟ್‌ಗೆ ಹೋಗೋದು ಅಂತ ಮೇಲಿಂದ ತೀರ್ಮಾನ ಆಗಿದೆ. ಮೂರು ವಾರ ಕೊಡಿ, ಇರೋದು ಏನು ಎಷ್ಟು ಅಂತ ಅಳೆದು ಆಮೇಲೆ ಪ್ಲಾನ್ ಕೊಡ್ತೀನಿ ಅಂದೆ. ಮ್ಯಾನೇಜರ್ರು, ಒಂದು ಸ್ಕ್ರಿಪ್ಟ್ ಓಡ್ಸಿ ಆಬ್ಜೆಕ್ಟ್ (ಮಾಡ್ಯೂಲ್ ಒಳಗಿನ ಒಂದೊಂದು ನಮೂದು) ಎಣ್ಸು, ದಿನಕ್ಕಿಷ್ಟು ಅಂತ ಭಾಗಿಸು, ಅದೇ ಪ್ಲಾನು ಅಂತಾರೆ. ನಾನೇ ಜಾಸ್ತಿ ಕೇಳ್ತಿದೀನಾ?

ಹಾಸನ್_ಹೈದ:
ಜಾಸ್ತಿ ಕೇಳ್ತಿದೀಯ ಗುರು, ಬೇಜಾರ್ ಮಾಡ್ಕೋಬೇಡ. ಈ ಅಳತೆ ಕೆಲ್ಸ ಶುರುವಾದ್ರೆ ಅದೇ ಒಂದು ಪ್ರಾಜೆಕ್ಟ್ ಆಗುತ್ತೆ. ನಾನಿದ್ದ ಒಂದು ಕಡೆ ಎಕ್ಸೆಲ್ ಶೀಟು ಬೆಳೀತಾ ಬೆಳೀತಾ ಕೊನೆಗೆ ಆ ಶೀಟ್‌ನ ಮೇಂಟೇನ್ ಮಾಡೋಕೇ ಒಬ್ಬನ್ನ ಇಟ್ರು, ಮೈಗ್ರೇಷನ್ ಮಾತ್ರ ಅಲ್ಲೇ ಇತ್ತು. ಮನೆ ಖಾಲಿ ಮಾಡೋವಾಗ ಅಟ್ಟದ ಮೇಲಿರೋ ಸಾಮಾನೆಲ್ಲ ಪಟ್ಟಿ ಮಾಡ್ತಾರಾ? ಈಗ ನಡೀತಿರೋ ಪ್ರಾಜೆಕ್ಟ್ ಮಾತ್ರ ಎತ್ಕೊಂಡು ಹೋಗಿ, ಮಿಕ್ಕಿದ್ದು ರೀಡ್ ಓನ್ಲಿ.

ಟೆಸ್ಟಿಂಗ್_ಅಕ್ಕ:
ನಡೀತಿರೋದು ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ ತಮ್ಮಾ? ಕೊನೇ ಬಾರಿ ಬದಲಾದ ತಾರೀಖು ನೋಡ್ತೀಯಾ? ನಮ್ಮಲ್ಲಿ ಒಂದು ಇಂಟರ್ಫೇಸ್ ಮಾಡ್ಯೂಲ್ ಇತ್ತು, ವರ್ಷಗಟ್ಟಲೆ ಯಾರೂ ಮುಟ್ಟಿರ್ಲಿಲ್ಲ, ಸತ್ತಿದೆ ಅಂದ್ಕೊಂಡು ಬಿಟ್ಟೇಬಿಟ್ರು. ಆಮೇಲೆ ನೋಡಿದ್ರೆ ನಡೀತಿರೋ ಪ್ರಾಜೆಕ್ಟ್‌ಗಳ ಲಿಂಕ್ ಎಲ್ಲ ಅದಕ್ಕೇ ಬಂದು ನಿಲ್ತಿತ್ತು. ಯಾರೂ ಮುಟ್ಟದೇ ಇದ್ದಿದ್ದು ಯಾಕಂದ್ರೆ ಅದು ಸರಿಯಾಗೇ ಇತ್ತು! ರೆಕ್‌ಐಎಫ್ (ಒಂದು ಟೂಲಿಂದ ಇನ್ನೊಂದಕ್ಕೆ ರಿಕ್ವೈರ್ಮೆಂಟ್ ಸಾಗಿಸೋ ಫೈಲ್ ಫಾರ್ಮ್ಯಾಟ್) ಪ್ಯಾಕೇಜ್‌ನಲ್ಲಿ ಲಿಂಕ್ ದಾಟ್ಬೇಕು ಅಂದ್ರೆ ಎರಡೂ ತುದಿಯ ಮಾಡ್ಯೂಲ್ ಒಟ್ಟಿಗಿರ್ಬೇಕು, ಒಂದು ಬಿಟ್ಟು ಹೋದ್ರೆ ಟ್ರೇಸ್, ಅಂದ್ರೆ ಯಾವ ರಿಕ್ವೈರ್ಮೆಂಟ್ ಎಲ್ಲಿಂದ ಬಂತು ಅನ್ನೋ ಜಾಡು, ಕಟ್. ನಮ್ದು ಡಿಒ-178ಸಿ (ವಿಮಾನದ ಸಾಫ್ಟ್‌ವೇರ್‌ಗೆ ಇರೋ ಸುರಕ್ಷತಾ ಸ್ಟ್ಯಾಂಡರ್ಡ್) ಕೆಲ್ಸ, ಟ್ರೇಸ್ ಇಲ್ದೆ ಆಡಿಟ್‌ಗೆ ಯಾವ ಮುಖ ಇಟ್ಕೊಂಡು ಕೂರೋದು?

ಡಿಎಕ್ಸ್‌ಎಲ್_ಭಟ್ರು:
ಅಕ್ಕ ಹೇಳಿದ್ದು ಸರಿ, ಆದ್ರೆ ನಂದು ಬೇರೆ ತಕರಾರು. ಮ್ಯಾನೇಜರ್ ಸಾಹೇಬ್ರು ಕೇಳಿದ ಆ ಒಂದೇ ಒಂದು ನಂಬರ್ ಇದ್ಯಲ್ಲ, ಅದೇ ತಪ್ಪು ಬರುತ್ತೆ. ಡೋರ್ಸ್‌ನಲ್ಲಿ ಟೇಬಲ್‌ನ ಪ್ರತಿ ಸೆಲ್ಲೂ ಒಂದೊಂದು ಆಬ್ಜೆಕ್ಟು, ಸಾಲಿಗೆ ಒಂದು, ಇಡೀ ಟೇಬಲ್‌ಗೆ ಇನ್ನೊಂದು. 10 ಸಾಲು 4 ಕಾಲಂ ಇರೋ ಪುಟಾಣಿ ಟೇಬಲ್ಲೇ 40 + 10 + 1, ಅಂದ್ರೆ 51 ಆಬ್ಜೆಕ್ಟ್ ಆಯ್ತು, ಅದ್ರಲ್ಲಿ ರಿಕ್ವೈರ್ಮೆಂಟ್ ಎಷ್ಟು? ಒಂದೂ ಇಲ್ದೇನೂ ಇರ್ಬಹುದು, ಬರೀ ರಿವಿಷನ್ ಹಿಸ್ಟರಿ ಟೇಬಲ್ ಆಗಿರ್ಬಹುದು. ಡಿಲೀಟ್ ಮಾಡಿದ್ದು ಪರ್ಜ್ (ಪೂರ್ತಿ ತೆಗೆದುಹಾಕೋದು) ಮಾಡೋವರೆಗೂ ಒಳಗೇ ಕೂತಿರುತ್ತೆ. ಇನ್ನು ಡಿಎಕ್ಸ್‌ಎಲ್‌ನಲ್ಲಿ (ಡೋರ್ಸ್‌ನ ಸ್ಕ್ರಿಪ್ಟ್ ಭಾಷೆ) ಬರೀ ಮಾಡ್ಯೂಲ್ ಮೇಲೆ ಲೂಪ್ ಹಾಕಿದ್ರೆ ಆ ವ್ಯೂನಲ್ಲಿ ಕಾಣ್ತಿರೋದು ಮಾತ್ರ ಸಿಗುತ್ತೆ, ‘ಎಂಟೈರ್’ ಅಂತ ಸೇರಿಸಿದ್ರೆ ಸೆಲ್ಲು, ಡಿಲೀಟ್ ಆಗಿದ್ದು ಎಲ್ಲಾ ಬಂದು ತುಂಬ್ಕೊಳುತ್ತೆ. ಒಂದೇ ಮಾಡ್ಯೂಲ್, ಎರಡು ಲೆಕ್ಕ. ಓದೋ ಪರ್ಮಿಷನ್ ಇಲ್ದಿರೋ ಮಾಡ್ಯೂಲ್ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಅಡ್ಮಿನ್ ಲಾಗಿನ್‌ನಲ್ಲೇ ಓಡ್ಸಿ. ಲಿಂಕ್ ಎಣಿಸೋವಾಗ ಔಟ್ ಲಿಂಕ್ ಎಣಿಸಿ, ಇನ್ ಲಿಂಕ್ ಹಿಡ್ಕೊಂಡ್ರೆ ಸೋರ್ಸ್ ಮಾಡ್ಯೂಲ್ (ಲಿಂಕ್ ಹೊರಟ ಮಾಡ್ಯೂಲ್) ತೆರೆದಿದೆಯೋ ಇಲ್ವೋ ಅಂತ ಒದ್ದಾಡ್ತೀರ.
(ಮತ್ತೆ ನಿಮ್ ಹೆಸ್ರಲ್ಲೇ ಫಿಲ್ಟರ್ ಇದೆ, ಸ್ಕ್ರಿಪ್ಟ್ ಓಡ್ಸೋ ಮುಂಚೆ ಆಫ್ ಮಾಡಿ 😄)

ಹಾಸನ್_ಹೈದ:
ಭಟ್ರೇ ನೀವೇ ನನ್ ಪರ ವಾದ ಮಾಡ್ತಿದೀರಲ್ಲ. ನಂಬರ್ ತಪ್ಪೇ ಬರೋದಾದ್ರೆ ಅಳೆದು ಏನ್ ಸಾಧಿಸ್ದಂಗಾಯ್ತು?

ಡಿಎಕ್ಸ್‌ಎಲ್_ಭಟ್ರು:
ಎಣಿಸೋದು ಬೇಡ ಅಂದ್ನಾ ನಾನು? ಒಂದೇ ನಂಬರ್ ನಂಬ್ಕೊಂಡು ಭಾಗಾಕಾರ ಮಾಡೋದು ಬೇಡ ಅಂದೆ. ಸಾದಾ ಟೆಕ್ಸ್ಟು ಹತ್ತು ಸಾವಿರ ಇದ್ರೂ ಹೋಗಿಬಿಡುತ್ತೆ ಮಾರಾಯ್ರೇ, ಸಮಯ ತಿನ್ನೋದು ಬೇರೆ. ಲೇಔಟ್ ಡಿಎಕ್ಸ್‌ಎಲ್ (ಸ್ಕ್ರಿಪ್ಟ್ ತುಂಬೋ) ಕಾಲಂ ಎಷ್ಟಿವೆ, ಅಟ್ರಿಬ್ಯೂಟ್ ಡಿಎಕ್ಸ್‌ಎಲ್ (ಅಟ್ರಿಬ್ಯೂಟ್, ಅಂದ್ರೆ ಆಬ್ಜೆಕ್ಟ್‌ನ ಫೀಲ್ಡ್‌ನ ತುಂಬೋ ಸ್ಕ್ರಿಪ್ಟ್) ಎಷ್ಟು, ಟ್ರಿಗರ್ (ಏನಾದ್ರೂ ಆದಾಗ ತಾನೇ ಓಡೋ ಸ್ಕ್ರಿಪ್ಟ್) ಎಷ್ಟು, ಇದ್ಯಾವ್ದೂ ಆ ಕಡೆ ಓಡಲ್ಲ, ಅಲ್ಲಿ ಡಿಎಕ್ಸ್‌ಎಲ್ಲೇ ಇಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಬರೀಬೇಕು. ಆಮೇಲೆ ಒಎಲ್‌ಇ, ಅಂದ್ರೆ ಒಳಗೆ ಅಂಟಿಸಿರೋ ವಿಸಿಯೋ ಚಿತ್ರ, ಎಕ್ಸೆಲ್ ಶೀಟು. ಚಿತ್ರ ಕಾಣುತ್ತೆ, ಮೊದ್ಲಿನ ಹಾಗೆ ಡಬಲ್ ಕ್ಲಿಕ್ ಮಾಡಿ ತಿದ್ತೀನಿ ಅಂದ್ರೆ ಕಷ್ಟ. ಇವುಗಳ ಲೆಕ್ಕ ಇಲ್ದೆ ಯಾವ ದಿನಾಂಕ ಕೊಟ್ರೂ ಅದು ಗಿಣಿಶಾಸ್ತ್ರ.

ಟೆಸ್ಟಿಂಗ್_ಅಕ್ಕ:
ಅಟ್ರಿಬ್ಯೂಟ್ ಮರೀಬೇಡಿ, ನಮ್ಮನ್ನ ನಿಜವಾಗ್ಲೂ ಅಳಿಸಿದ್ದು ಅದೇ. ಹಳೇದ್ರಲ್ಲಿ ಪ್ರತಿ ಮಾಡ್ಯೂಲ್‌ಗೂ ಅದರದ್ದೇ ಅಟ್ರಿಬ್ಯೂಟು, ಅದರದ್ದೇ ಟೈಪು. ಒಂದ್ರಲ್ಲಿ ಪ್ರಯಾರಿಟಿ ಅಂದ್ರೆ ಹೈ, ಮೀಡಿಯಂ, ಲೋ, ಇನ್ನೊಂದ್ರಲ್ಲಿ 1, 2, 3, ಮತ್ತೊಂದ್ರಲ್ಲಿ ಯಾರೋ ಪುಣ್ಯಾತ್ಮ ಅದನ್ನ ಟೆಕ್ಸ್ಟ್ ಫೀಲ್ಡ್ ಮಾಡಿ ‘ಕಸ್ಟಮರ್ ಹತ್ರ ಕೇಳ್ಬೇಕು’ ಅಂತ ಬರ್ದಿದ್ದ. ಡೋರ್ಸ್ ನೆಕ್ಸ್ಟ್‌ನಲ್ಲಿ ಟೈಪ್ ಇರೋದು ಮಾಡ್ಯೂಲ್ ಮಟ್ಟದಲ್ಲಲ್ಲ, ಪ್ರಾಜೆಕ್ಟ್ ಅಥವಾ ಕಾಂಪೊನೆಂಟ್ ಮಟ್ಟದಲ್ಲಿ, ಹಾಗಾಗಿ ಎಲ್ರೂ ಕೂತು ಯಾವ್ದು ಉಳೀಬೇಕು ಅಂತ ಒಪ್ಕೋಬೇಕು. ಟೂಲ್ ಕೆಲ್ಸ ಅಲ್ಲ ಅದು, ಜಗಳದ ಕೆಲ್ಸ. ಜಗಳಕ್ಕೆ ಎಷ್ಟು ದಿನ ಅಂತ ಯಾವ ಸ್ಕ್ರಿಪ್ಟೂ ಹೇಳಲ್ಲ, ಆದ್ರೆ ಒಂದೇ ಹೆಸ್ರಲ್ಲಿ ಎಷ್ಟು ಥರ ಟೈಪ್ ಇವೆ ಅಂತ ತೋರಿಸಿದ್ರೆ ಮೀಟಿಂಗ್‌ನಲ್ಲಿ ಕೂರೋಕಾದ್ರೂ ಬರ್ತಾರೆ.

ಸುಮ್ನೆ_ಓದ್ತಿದ್ದೆ:
ಒಂದು ಡೌಟು, ಹಿಸ್ಟರಿ ಕಥೆ ಏನು? ಯಾರು ಯಾವಾಗ ಬದಲಾಯಿಸಿದ್ರು ಅನ್ನೋದು ಹೋಗುತ್ತಾ?

ಡಿಎಕ್ಸ್‌ಎಲ್_ಭಟ್ರು:
ರೆಕ್‌ಐಎಫ್‌ನಲ್ಲಿ ಹಿಸ್ಟರಿ ಹೋಗಲ್ಲ. ಹಳೇ ಡೇಟಾಬೇಸ್ ಓದೋಕಾದ್ರೂ ಉಳಿಸ್ಕೋಬೇಕು. ಈ ವಿಷ್ಯದಲ್ಲಿ ಹಾಸನದವ್ರ ರೀಡ್ ಓನ್ಲಿ ಮಾತು ನಂಗೆ ಪೂರ್ತಿ ಒಪ್ಪಿಗೆ, ವಿಮಾನ ಹಾರ್ತಿರೋವರೆಗೂ ದಾಖಲೆ ಬೇಕು. ಅದಕ್ಕೆ ಸರ್ವರ್ ಖರ್ಚು, ಲೈಸೆನ್ಸ್ ಖರ್ಚು ಯಾರ ತಲೆ ಮೇಲೆ ಅಂತ ಈಗ್ಲೇ ಬರೆಸ್ಕೊಳ್ಳಿ.

ಹಾಸನ್_ಹೈದ:
ಸರಿ ಸರಿ, ಲಿಂಕ್ ವಿಷ್ಯ ಒಪ್ಪಿದೆ. ನಡೀತಿರೋ ಪ್ರಾಜೆಕ್ಟಿಂದ ಶುರು ಮಾಡಿ ಲಿಂಕ್ ಹಿಡ್ಕೊಂಡು ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೆ ಮಾತ್ರ ಅಳೀರಿ, ಅದ್ರಾಚೆ ಇರೋದು ಅಟ್ಟದಲ್ಲೇ ಇರ್ಲಿ. ಆದ್ರೆ ಮೂರು ವಾರ ಬೇಡ, ಒಂದು ವಾರ. ಅಷ್ಟ್ರಲ್ಲಿ ಏನ್ ಸಿಗುತ್ತೋ ಅದು.

ಟೆಸ್ಟಿಂಗ್_ಅಕ್ಕ:
ಒಂದು ವಾರ ಬರೀ ಅಡ್ಮಿನ್ ಪರ್ಮಿಷನ್ ಸಿಗೋಕೇ ಬೇಕು 🙂 ಎರಡು ಅನ್ನಿ.

ಫಿಲ್ಟರ್_ಕಾಫಿ:
ಭಟ್ರು ಹೇಳಿದಂಗೆ ಒಂದೇ ಮಾಡ್ಯೂಲ್ ಮೇಲೆ ಎರಡೂ ಥರ ಓಡ್ಸಿ ನೋಡ್ದೆ, ಎರಡನೇ ಲೆಕ್ಕ ಮೊದಲನೇದ್ರ ಡಬಲ್‌ಗಿಂತ ಜಾಸ್ತಿ ಬಂತು. ಎರಡೂ ನಂಬರ್ ಪಕ್ಕಪಕ್ಕ ಇಟ್ಟು ಮ್ಯಾನೇಜರ್‌ಗೆ ಕಳ್ಸಿದೀನಿ, ಸಾರ್ ಇದ್ರಲ್ಲಿ ಯಾವ್ದನ್ನ ಭಾಗಿಸ್ಲಿ ಅಂತ ಕೇಳಿ. ಇನ್ನೂ ರಿಪ್ಲೈ ಇಲ್ಲ.